ಫಳಫಳಯ್ಯನವರ ಐದನೆಯ ಗಾಗಲ್ಸ್

ಗಾಜಿನ ಮೇಲೆ ಬೆರಳಿನ ಗುರುತು ಕಂಡರೆ ಫಳಫಳಯ್ಯನವರಿಗೆ ಮೈಯೆಲ್ಲ ಉರಿಯುತ್ತಿತ್ತು. ಯಾರ ಮನೆಯ ಗಾಜು, ಯಾರ ಬೆರಳು ಎಂಬುದೆಲ್ಲ ಆಮೇಲಿನ ಮಾತು. ಬ್ಯಾಂಕಿಗೆ ಹೋದರೆ ಕೌಂಟರಿನ ಗಾಜು ಒರೆಸುತ್ತಿದ್ದರು, ಬಸ್ಸಿನಲ್ಲಿ ಕೂತರೆ ಕಿಟಕಿ ಒರೆಸುತ್ತಿದ್ದರು. ನೆಂಟರ ಮನೆಯಲ್ಲಿ ನೀರು ಕೊಟ್ಟರೆ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಅಂಗಿಯ ಜೇಬಿನಿಂದ ಮೆತ್ತನೆಯ ಹತ್ತಿ ಬಟ್ಟೆ ತೆಗೆದು, ಒಳಗೂ ಹೊರಗೂ ಒರೆಸಿದ ಮೇಲೆಯೇ ಕುಡಿಯುತ್ತಿದ್ದರು. ಇದರಿಂದ ಎಷ್ಟು ನೆಂಟಸ್ತಿಕೆ ಹಳಸಿತೆಂದು ಅವರ ಹೆಂಡತಿಯನ್ನೇ ಕೇಳಬೇಕು. ಕಿಟಕಿಗಳಿಗೆ ಗಾಜು ಕೂರಿಸುವುದು ಅವರ ಕಸುಬು. ಕೂರಿಸಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಸೊಂಟಕ್ಕೆ ಕೈಯಿಟ್ಟು, "ಫಳಫಳ ಅನ್ಬೇಕು" ಎನ್ನುತ್ತಿದ್ದರು. ಕಟ್ಟಡದ ಮೇಸ್ತ್ರಿಗಳು ಅದನ್ನೇ ಹೆಸರು ಮಾಡಿ ಕರೆದರು, ಊರೂ ಹಾಗೆಯೇ ಕರೆಯಿತು. ಅಸಲಿ ಹೆಸರು ಅರ್ಜಿ ತುಂಬುವಾಗ ಮಾತ್ರ ನೆನಪಿಗೆ ಬರುತ್ತಿತ್ತು.

ಕಸುಬಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಎಂಟನೆಯ ಮಹಡಿಯ ಹೊರಗೆ ಕಟ್ಟಿದ ಹಲಗೆಯ ಮೇಲೆ ನಿಂತು, ಬಾಗಿಲಗಲದ ಗಾಜನ್ನು ಚೌಕಟ್ಟಿಗೆ ಸರಿಸಿ, ಸುತ್ತಲೂ ಪುಟ್ಟಿ ಮೆತ್ತಿ, ಬೀಡಿ ಸೇದಲು ಕೆಳಗಿಳಿದವರ ಹಾಗೆ ನಿರಾಳವಾಗಿ ಇಳಿದು ಬರುತ್ತಿದ್ದರು. ಅಷ್ಟೆತ್ತರದಲ್ಲಿ ತಲೆ ತಿರುಗುವುದಿಲ್ಲವೇ ಎಂದು ಯಾರಾದರೂ ಕೇಳಿದರೆ, ನೋಡಬೇಕಾದದ್ದು ಗಾಜನ್ನು, ಕೆಳಗೆ ನೋಡಲು ಯಾರು ಸಂಬಳ ಕೊಡುತ್ತಾರೆ ಎಂದು ತಿರುಗಿ ಕೇಳುತ್ತಿದ್ದರು.

ಇಂಥ ಕಸುಬುದಾರರಿಗೆ ಸಂಸಾರ ಮಾಡಲು ಮಾತ್ರ ಹೊತ್ತೇ ಸಿಕ್ಕಿರಲಿಲ್ಲ. ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ಬೆಳಗ್ಗೆ ಆಕೆ ಚಪ್ಪಲಿ ಬಿಡುವ ಹೊತ್ತಿಗೆ ಇವರು ಚಪ್ಪಲಿ ಮೆಟ್ಟುತ್ತಿದ್ದರು. ಸಂಜೆ ಇವರು ಬರುವಾಗ ಆಕೆ ಹೊರಡುತ್ತಿದ್ದಳು. ಮದುವೆಯಾದಂದಿನಿಂದ ಅವರಿಬ್ಬರ ಮಾತುಕತೆಯೆಲ್ಲ ನಡೆದದ್ದು ಹೊಸ್ತಿಲ ಮೇಲೆ. ಹಾಲು ಕಾಯಿಸಿಟ್ಟಿದೆ, ನಲ್ಲಿ ಸೋರುತ್ತಿದೆ, ಛತ್ರಿ ಮರೆಯಬೇಡಿ, ಇಷ್ಟೇ. ಇಬ್ಬರೂ ಕೆಲಸ ಬಿಟ್ಟ ಮೇಲೆ ಒಂದೇ ಮನೆಯಲ್ಲಿ ಹಗಲಿಡೀ ಎದುರುಬದುರು ಕೂರಬೇಕಾಗಿ ಬಂದಾಗ, ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಆಕೆ ಪಾತ್ರೆ ಸದ್ದು ಮಾಡುತ್ತಿದ್ದಳು. ಇವರು ಕಿಟಕಿ ಒರೆಸುತ್ತಿದ್ದರು.

ಅವರನ್ನು ಕಾಪಾಡಿದ್ದು ಡಾಕ್ಟರು. ಏಣಿ ಹತ್ತಿ ಹತ್ತಿ ಇವರ ಮಂಡಿ ಸವೆದಿತ್ತು, ರೋಗಿಗಳನ್ನು ಎತ್ತಿ ಎತ್ತಿ ಆಕೆಯ ಸೊಂಟ ಹಿಡಿದಿತ್ತು. ಇಬ್ಬರಿಗೂ ಒಂದೇ ಮದ್ದು ಎಂದು ಈಜಲು ಹೇಳಿದರು. ಫಳಫಳಯ್ಯನವರ ಎಡಗಣ್ಣಿಗೆ ಹಿಂದೆ ಗಾಜಿನ ಚೂರು ಬಿದ್ದಿತ್ತಾದ್ದರಿಂದ ಕ್ಲೋರಿನ್ ನೀರು ತಾಗಕೂಡದು, ಗಾಗಲ್ಸ್ ಇಲ್ಲದೆ ನೀರಿಗೆ ಇಳಿಯಲೇಬಾರದು ಎಂದು ಸೇರಿಸಿದರು. ಹೀಗೆ ಅರವತ್ತು ದಾಟಿದ ಗಂಡಹೆಂಡಿರು ಒಂದೇ ಚೀಲದಲ್ಲಿ ಎರಡು ಟವೆಲ್ ಹಾಕಿಕೊಂಡು, ಬೆಳಗ್ಗೆ ಹೊಸ್ತಿಲನ್ನು ಒಟ್ಟಿಗೆ ದಾಟುವುದನ್ನು ಕಲಿತರು. ಆ ಒಂದು ಗಂಟೆ ಫಳಫಳಯ್ಯನವರಿಗೆ ಎಷ್ಟು ಹಿಡಿಸಿತೆಂದರೆ, ಹಿಂದಿನ ಸಂಜೆಯೇ ಚೀಲ ಬಾಗಿಲ ಬಳಿ ಬಂದು ಕೂರುತ್ತಿತ್ತು. ಸೊಂಟದವರೆಗೆ ನೀರಿರುವ ಚಿಕ್ಕ ಈಜುಕೊಳದಲ್ಲಿ ಇಬ್ಬರೂ ಕಂಬಿ ಹಿಡಿದು ಕಾಲು ಬಡಿಯುತ್ತಾ, ಯೌವನದಲ್ಲಿ ಆಡದೆ ಉಳಿದ ಮಾತೆಲ್ಲ ಆಡಿದರು.

ತೊಂದರೆಯಾದದ್ದು ಹೆಂಡತಿ ಬೇಗ ಕಲಿತದ್ದರಿಂದ. ಚಿಕ್ಕ ಕೊಳದವರು ದೊಡ್ಡ ಕೊಳಕ್ಕೆ ಹೋಗಬೇಕಾದರೆ ಒಂದು ಪರೀಕ್ಷೆ ಇತ್ತು. ದೊಡ್ಡ ಕೊಳವನ್ನು ಈ ತುದಿಯಿಂದ ಆ ತುದಿಗೆ ಈಜಿ ವಾಪಸ್ಸು ಬರಬೇಕು, ನಡುವೆ ಸಾಲುಗಳನ್ನು ಬೇರ್ಪಡಿಸುವ ಹಗ್ಗ ಹಿಡಿಯುವಂತಿಲ್ಲ. ಆಕೆ ಮೊದಲ ಸಲಕ್ಕೇ ಹೋಗಿ ಬಂದಳು. ಮಾರನೆಯ ದಿನದಿಂದ ಆಕೆ ಅಲ್ಲಿ, ಇವರು ಇಲ್ಲಿ. ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಗಾಜಿನ ಬಾಗಿಲು. ಆ ಬಾಗಿಲಿನ ಮೇಲೆ ಸದಾ ಒದ್ದೆ ಕೈಗಳ ಗುರುತು.

ಪರೀಕ್ಷೆಗೆ ಇವರೂ ನಿಂತರು. ಅರ್ಧಕ್ಕೆ ಹೋಗುವಷ್ಟರಲ್ಲಿ ಗಾಗಲ್ಸಿನೊಳಗೆ ಮಂಜು ಕವಿದು, ಎದುರಿಗಿದ್ದದ್ದೆಲ್ಲ ಹಾಲಿನಂತಾಗಿ, ಕೈಗೆ ಸಿಕ್ಕಿದ ಹಗ್ಗವನ್ನು ತಬ್ಬಿಕೊಂಡರು. ಅಲ್ಲಿಂದ ಶುರುವಾಯಿತು ಅವರ ಪೀಕಲಾಟ.

ಆ ಮೊದಲ ಗಾಗಲ್ಸ್ ತಂದದ್ದು ಪೇಟೆಯ ಕ್ರೀಡಾ ಸಾಮಾನಿನ ಅಂಗಡಿಯಿಂದ. ಹೆಂಡತಿ ಕೊಳದ ಗೇಟಿನಲ್ಲೇ ಮಾರುತ್ತಿದ್ದ ಅಗ್ಗದ ನೀಲಿ ಗಾಗಲ್ಸ್ ಕೊಂಡಿದ್ದಳು. ಇವರು ಅದನ್ನು ಬೆಳಕಿಗೆ ಹಿಡಿದು, ಇದನ್ನು ತಯಾರಿಸಿದವನು ಜೀವಮಾನದಲ್ಲಿ ಗಾಜು ಕಂಡಿಲ್ಲ ಎಂದು ತೀರ್ಪು ಕೊಟ್ಟಿದ್ದರು. ತಮಗೆಂದು ಅಗಲವಾದ, ಅರ್ಧ ಮುಖ ಮುಚ್ಚುವ ದುಬಾರಿ ಮಾಲನ್ನೇ ಆರಿಸಿದರು. ಅದು ಕೆನ್ನೆಯ ಬಳಿ ನೀರು ಬಿಟ್ಟುಕೊಂಡಿತು, ಸಾಲದ್ದಕ್ಕೆ ಮಂಜೂ ಹಿಡಿಯಿತು. ಎರಡನೆಯದು ಪಂದ್ಯದವರು ಹಾಕುವ ಪುಟ್ಟದು. ಅದು ನೀರು ಬಿಡಲಿಲ್ಲ, ಆದರೆ ಕಣ್ಣಿನ ಗುಳಿಗೆ ಎಷ್ಟು ಬಿಗಿಯಾಗಿ ಕೂತಿತೆಂದರೆ ತೆಗೆದು ಗಂಟೆಗಳಾದರೂ ಗೂಬೆಯ ಹಾಗೆ ಕಣ್ಣಸುತ್ತ ಉಂಗುರ ಉಳಿಯುತ್ತಿತ್ತು. ಅದೂ ಮಂಜು ಹಿಡಿಯಿತು. ಮೂರನೆಯದಕ್ಕೆ ಕಪ್ಪು ಗಾಜು. ಅದು ಬಿಸಿಲಲ್ಲಿ ಈಜುವವರಿಗೆ, ಮೇಲ್ಛಾವಣಿಯ ಕೆಳಗಿನ ಕೊಳಕ್ಕಲ್ಲ ಎಂದು ಅಂಗಡಿಯಾಕೆ ಹೇಳಿದ್ದಳು. ಗಾಜಿನ ವಿಷಯದಲ್ಲಿ ಇನ್ನೊಬ್ಬರ ಮಾತು ಕೇಳುವ ಅಭ್ಯಾಸವಿದ್ದರಲ್ಲವೇ. ನೀರಿಗಿಳಿದರೆ ಹಾಳುಬಾವಿಗೆ ಇಳಿದಂತೆ ಕತ್ತಲು, ಆ ಕತ್ತಲಿಗೂ ಮಂಜು.

ನಾಲ್ಕನೆಯ ಸಲ ಅಂಗಡಿಯಾಕೆ ಅವರನ್ನು ಕನ್ನಡಿಯ ಮುಂದೆ ಕೂರಿಸಿ ಆರಿಸುವ ಕ್ರಮ ತೋರಿಸಿದಳು. ಪಟ್ಟಿಯನ್ನು ತಲೆಗೆ ಹಾಕದೆ, ಬರೀ ಬಟ್ಟಲುಗಳನ್ನು ಕಣ್ಣಿಗೊತ್ತಿ ಕೈ ಬಿಡಬೇಕು. ತಾನಾಗಿ ಒಂದೆರಡು ಕ್ಷಣ ಮುಖಕ್ಕೆ ಅಂಟಿಕೊಂಡು ನಿಂತರೆ ಅದು ನಿಮ್ಮ ಮುಖದ್ದು, ಉದುರಿದರೆ ಬೇರೆಯವರದು. ಪಟ್ಟಿ ಬಿಗಿದು ಸರಿಮಾಡುತ್ತೇನೆಂದರೆ ಆಗುವುದಿಲ್ಲ. ಮೂಗಿನ ಮೇಲಿನ ಸೇತುವೆಯೂ ಮೂಗಿಗೆ ತಕ್ಕಷ್ಟಿರಬೇಕು. ಹಾಗೆ ಒಂದೊಂದನ್ನೇ ಒತ್ತಿ ಒತ್ತಿ ನೋಡಿ, ಕೊನೆಗೆ ಒಂದು ಅವರ ಮುಖಕ್ಕೆ ಹೇಳಿ ಮಾಡಿಸಿದಂತೆ ನಿಂತಿತು. ಒಳಗಡೆ ಮಂಜು ಹಿಡಿಯದಂತೆ ಲೇಪ ಬೇರೆ ಹಚ್ಚಿದೆ ಎಂದು ಆಕೆ ಹೇಳಿದಳು. ಡಬ್ಬಿಯ ಮೇಲೆ ಒಂದು ಚಿತ್ರವಿತ್ತು, ಗಾಗಲ್ಸಿನೊಳಗೆ ಬೆರಳು, ಬೆರಳಿನ ಮೇಲೆ ಕೆಂಪು ಅಡ್ಡಗೀಟು. ಅದನ್ನು ಕಂಡು ಫಳಫಳಯ್ಯನವರ ಮನಸ್ಸು ತುಂಬಿ ಬಂತು. ಲೋಕದಲ್ಲಿ ಗಾಜು ಗೊತ್ತಿರುವವನೊಬ್ಬ ಇದ್ದಾನೆ, ಬೆರಳಲ್ಲಿ ಮುಟ್ಟಬೇಡಿ, ಬಟ್ಟೆಯಲ್ಲೇ ಒರೆಸಿ ಎಂದು ಬರೆದಿದ್ದಾನೆ ಎಂದುಕೊಂಡರು. ಮನೆಗೆ ಬಂದವರೇ ಜೇಬಿನ ಬಟ್ಟೆ ತೆಗೆದು, ಹೊಸ ಗಾಗಲ್ಸನ್ನು ಒಳಗೂ ಹೊರಗೂ ಫಳಫಳ ಒರೆಸಿಟ್ಟರು.

ಮಂಜು ಹಿಡಿಯಿತು. ಮೊದಲಿನ ಮೂರಕ್ಕಿಂತ ಬೇಗ ಹಿಡಿಯಿತು.

ಆಮೇಲೆ ಸಿಕ್ಕಸಿಕ್ಕವರೆಲ್ಲ ವೈದ್ಯರಾದರು. ಮಕ್ಕಳ ಶಾಂಪೂ ಒಂದು ಹನಿ ಹಚ್ಚಿ ತೊಳೆಯಿರಿ ಎಂದರು ಒಬ್ಬರು. ಇವರು ಹಚ್ಚಿದರು, ತೊಳೆದರು, ತೊಳೆದದ್ದನ್ನು ಒರೆಸಿದರು. ನೀರಿಗಿಳಿಯುವ ಮುಂಚೆ ಗಾಗಲ್ಸನ್ನು ಹಣೆಯ ಮೇಲೆ ಏರಿಸಿಕೊಂಡು ಓಡಾಡಬೇಡಿ, ಮೈಯ ಬಿಸಿಗೆ ಬೆವರುತ್ತದೆ, ಕೊಳದ ನೀರಿನಲ್ಲೇ ಅದ್ದಿ ತಣ್ಣಗೆ ಮಾಡಿ ಹಾಕಿಕೊಳ್ಳಿ ಎಂದಳು ಕೋಚ್ ಹುಡುಗಿ. ಇವರು ಅದ್ದಿದರು, ಅದ್ದಿದಾಗ ನಿಂತ ಹನಿಗಳನ್ನು ಕಂಡು ತಡೆಯಲಾರದೆ ಒರೆಸಿದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಎಲ್ಲಕ್ಕಿಂತ ಸುಲಭದ ಉಪಾಯ ಹೇಳಿದರು, ಗಾಜಿನೊಳಗೆ ಒಮ್ಮೆ ಉಗುಳಿ ಎಂದು. ಫಳಫಳಯ್ಯನವರಿಗೆ ಕೈ ಮಾಡುವಷ್ಟು ಸಿಟ್ಟು ಬಂತು. ಗಾಜಿಗೆ ಉಗುಳುವುದು ಅವರ ಪಾಲಿಗೆ ಅನ್ನಕ್ಕೆ ಉಗುಳಿದ ಹಾಗೆ.

ಈ ಮ್ಯಾನೇಜರ ಮೇಲೆ ಅವರಿಗೆ ಬೇರೆಯೇ ಒಂದು ಹೊಟ್ಟೆಕಿಚ್ಚಿತ್ತು. ಆತ ಈಜುತ್ತಿದ್ದದ್ದು ಹೆಂಡತಿಯ ಪಕ್ಕದ ಸಾಲಿನಲ್ಲಿ. ಇಬ್ಬರೂ ಆ ತುದಿಯಲ್ಲಿ ಗೋಡೆ ಹಿಡಿದು ದಮ್ಮು ಆರಿಸಿಕೊಳ್ಳುವಾಗ ಏನೇನೋ ಮಾತಾಡಿ ನಗುತ್ತಿದ್ದರು. ಚಿಕ್ಕ ಕೊಳದಲ್ಲಿ ಮಕ್ಕಳ ಗಾಳಿಬಾತುಗಳ ನಡುವೆ ಕಾಲು ಬಡಿಯುತ್ತಿದ್ದ ಫಳಫಳಯ್ಯನವರಿಗೆ ನಗು ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ತಮ್ಮಿಬ್ಬರ ಒಂದು ಗಂಟೆಯನ್ನು ಯಾರೋ ತಮ್ಮ ಕಣ್ಣೆದುರೇ ಹೊತ್ತುಕೊಂಡು ಹೋದಂತೆ ಅವರಿಗೆ ಸಂಕಟವಾಗುತ್ತಿತ್ತು. ಮನೆಗೆ ಬರುವ ದಾರಿಯಲ್ಲಿ ಏನು ನಗುತ್ತಿದ್ದಿರಿ ಎಂದು ಕೇಳಲು ನಾಲಿಗೆ ಏಳುತ್ತಿರಲಿಲ್ಲ. ಕೇಳದೆ, ಗಾಗಲ್ಸ್ ಕಂಪನಿಗಳನ್ನು ಬಯ್ಯುತ್ತಾ ಬರುತ್ತಿದ್ದರು. ಆಕೆ ಹೂಂ ಎನ್ನುತ್ತಾ ಬರುತ್ತಿದ್ದಳು.

ಅವರು ಪರೀಕ್ಷೆಗೆ ಮತ್ತೆ ಮತ್ತೆ ನಿಂತರು. ಪ್ರತಿ ಸಲವೂ ಅರ್ಧಕ್ಕೆ ಹೋಗುವುದು, ಹಗ್ಗ ಹಿಡಿಯುವುದು, ಗಾಗಲ್ಸ್ ಕಿತ್ತು ಎತ್ತಿ ಹಿಡಿದು, ನೋಡಿ, ಇದಕ್ಕೆ ಏನನ್ನುತ್ತೀರಿ ಎಂದು ಇಡೀ ಕೊಳಕ್ಕೆ ತೋರಿಸುವುದು. ಒಮ್ಮೆ ಮ್ಯಾನೇಜರು ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರಿಗೋ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗುತ್ತಿದ್ದದ್ದು ಅವರ ಕಿವಿಗೆ ಬಿತ್ತು. ನೆಲ ನಿಜವಾಗಿಯೂ ಡೊಂಕಾಗಿದ್ದರೆ ಪಾಪ ಅವಳು ಇನ್ನೇನು ಅನ್ನಬೇಕಿತ್ತು ಎಂದು ಅವರು ಆ ದಿನವೆಲ್ಲ ಮನಸ್ಸಿನಲ್ಲೇ ವಾದ ಮಾಡಿದರು.

ಇಷ್ಟರ ನಡುವೆ ಹೆಂಡತಿಯ ಆ ಅಗ್ಗದ ನೀಲಿ ಗಾಗಲ್ಸು ಒಂದು ದಿನವೂ ಮಂಜು ಹಿಡಿಯಲಿಲ್ಲ. ಅದರ ತುಂಬ ಒಣಗಿದ ನೀರಿನ ಕಲೆ. ಆಕೆ ಅದನ್ನು ನೀರಲ್ಲಿ ಅದ್ದಿ, ಒಮ್ಮೆ ಕೊಡವಿ, ಹಾಗೇ ಹಾಕಿಕೊಂಡು ಮುಳುಗುತ್ತಿದ್ದಳು. ಕೊಡು, ಒರೆಸಿ ಕೊಡುತ್ತೇನೆ ಎಂದರೆ ಕೊಡುತ್ತಿರಲಿಲ್ಲ, ನನ್ನದು ನನಗೆ ಹೀಗೇ ಅಭ್ಯಾಸ ಎನ್ನುತ್ತಿದ್ದಳು.

ಒಂದು ಬೆಳಗ್ಗೆ ಆಕೆ ತಲೆಗೆ ಟೋಪಿ ಹಾಕಿಕೊಳ್ಳಲು ಒಳಗೆ ಹೋದಾಗ ಆ ನೀಲಿ ಗಾಗಲ್ಸ್ ಬೆಂಚಿನ ಮೇಲೆ ಉಳಿದಿತ್ತು. ಫಳಫಳಯ್ಯನವರು ಅತ್ತಿತ್ತ ನೋಡಿದರು. ಆಕೆಗೆ ಏನಾದರೂ ಒಳ್ಳೆಯದು ಮಾಡಬೇಕೆಂದು ಬಹಳ ದಿನದಿಂದ ಅನಿಸುತ್ತಿತ್ತು. ಮಾಡಲು ಬರುತ್ತಿದ್ದದ್ದು ಇದೊಂದೇ. ಜೇಬಿನ ಬಟ್ಟೆ ತೆಗೆದು, ಬಾಯಿಂದ ಹಬೆ ಊದಿ, ಮೂಲೆಮೂಲೆಗೆ ಬಟ್ಟೆಯ ತುದಿ ತೂರಿಸಿ, ಹಳೆಯ ಕಲೆಯೊಂದನ್ನೂ ಬಿಡದೆ ಒರೆಸಿದರು. ಅಗ್ಗದ ಪ್ಲಾಸ್ಟಿಕ್ಕು ಕೂಡ ಹೊಳೆಯಿತು. ಆಕೆ ಬಂದು, ಗಮನಿಸದೆ ಹಾಕಿಕೊಂಡು ಹೋದಳು.

ಅರ್ಧ ಗಂಟೆ ಕಳೆಯುವ ಮೊದಲೇ ಆಕೆ ಗಾಜಿನ ಬಾಗಿಲು ತಳ್ಳಿಕೊಂಡು ವಾಪಸ್ಸು ಬಂದಳು. ಏನೂ ಕಾಣದೆ ಎದುರಿನ ಗೋಡೆಗೆ ಕೈ ಗುದ್ದಿಕೊಂಡು ಬೆರಳ ಗೆಣ್ಣು ಸುಲಿದಿತ್ತು. ಗಾಗಲ್ಸನ್ನು ಅವರ ಮುಂದೆ ಹಿಡಿದಳು. ಒಳಗೆಲ್ಲ ಬೆಳ್ಳಗೆ ಮಂಜು.

"ಇದನ್ನ ಒರೆಸಿದ್ರಾ?"

ಇಲ್ಲವೆನ್ನಲು ಬಾಯಿ ತೆರೆದರು, ಆದರೆ ತಮ್ಮದನ್ನು ಒರೆಸುತ್ತಿದ್ದ ಬಟ್ಟೆ ಇನ್ನೂ ಕೈಯಲ್ಲೇ ಇತ್ತು.

"ನಿಮ್ಮದನ್ನೂ ಹೀಗೇ ಒಳಗಡೆ ಒರೆಸ್ತೀರಾ? ಪ್ರತಿ ಸಲ?"

"ಗಾಜು ಅಂದ್ಮೇಲೆ ಒರೆಸದೆ ಇರೋಕಾಗುತ್ತಾ?"

ಆಕೆ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತಳು. ಕೋಚ್ ಹುಡುಗಿ ಬಂದು ನೋಡಿ, ನಕ್ಕು, ಒಳಗಿನ ಲೇಪಕ್ಕೆ ಬಟ್ಟೆ ತಾಗಿದರೆ ಅದು ಕಿತ್ತುಹೋಗುತ್ತದೆ, ಡಬ್ಬಿಯ ಚಿತ್ರದಲ್ಲಿ ಬೆರಳಿಗೆ ಹಾಕಿದ್ದ ಅಡ್ಡಗೀಟಿನ ಅರ್ಥ ಅದೇ, ಒರೆಸಲೇಕೂಡದು, ಬರೀ ನೀರಲ್ಲಿ ತೊಳೆದು ನೆರಳಲ್ಲಿ ಆರಲು ಬಿಡಬೇಕು ಎಂದು ವಿವರಿಸಿದಳು. ಫಳಫಳಯ್ಯನವರು ಕೇಳುತ್ತಾ ನಿಂತರು. ಅಂಗಡಿಯಾಕೆ, ಕಂಪನಿ, ಮ್ಯಾನೇಜರು, ನೀರು, ಗಾಳಿ, ಎಲ್ಲರನ್ನೂ ಬಯ್ದಾಗಿತ್ತು. ಇನ್ನು ತಮ್ಮನ್ನೇ ಬಯ್ದುಕೊಳ್ಳಬೇಕು. ಅದರ ಅಭ್ಯಾಸ ಅವರಿಗಿರಲಿಲ್ಲ.

"ಊರಿನ ಗಾಜೆಲ್ಲಾ ಒರೆಸಿ ಆಯ್ತಲ್ಲ," ಎಂದಳು ಹೆಂಡತಿ, ಸುಲಿದ ಗೆಣ್ಣನ್ನು ಬಾಯಿಗಿಟ್ಟುಕೊಂಡು. "ಇದೊಂದನ್ನ ಬಿಟ್ಬಿಡಿ."

ಐದನೆಯ ಗಾಗಲ್ಸ್ ಕೊಳ್ಳಲು ಇಬ್ಬರೂ ಒಟ್ಟಿಗೆ ಹೋದರು. ನಾಲ್ಕನೆಯದರಂಥದ್ದೇ ಬೇಕೆಂದು ಕೇಳಿ ತೆಗೆದುಕೊಂಡರು. ಅದನ್ನು ಅವರ ಕೈಗೆ ಕೊಡದೆ ಆಕೆಯೇ ತನ್ನ ಸಣ್ಣ ಚೀಲದೊಳಗೆ ಹಾಕಿಕೊಂಡಳು. ಆಸ್ಪತ್ರೆಯಲ್ಲಿ ಮಾತ್ರೆಯ ಬೀರುವಿನ ಬೀಗದಕೈ ಇಟ್ಟುಕೊಳ್ಳುತ್ತಿದ್ದ ಗತ್ತಿನಲ್ಲೇ ಅದನ್ನು ಕಾದಳು. ಅಂಗಡಿಯಾಕೆಯ ಹೆಬ್ಬೆರಳಿನ ಗುರುತೊಂದು ಎಡಗಡೆಯ ಗಾಜಿನ ಹೊರಗೆ ಮೂಡಿದ್ದನ್ನು ಫಳಫಳಯ್ಯನವರು ಕಂಡಿದ್ದರು. ರಾತ್ರಿ ನಿದ್ದೆಯಲ್ಲೂ ಅದು ಕಾಣಿಸಿತು.

ಪರೀಕ್ಷೆಯ ಬೆಳಗ್ಗೆ ಆಕೆ ಗಾಗಲ್ಸನ್ನು ಕೊಳದ ನೀರಲ್ಲಿ ಅದ್ದಿ, ಕೊಡವಿ, ಹನಿಗಳಿದ್ದ ಹಾಗೇ ಅವರ ಕೈಗಿತ್ತು, ತಾನು ನೀರಿಗಿಳಿದು ಆ ತುದಿಗೆ ಹೋಗಿ ನಿಂತಳು. ಇವರ ಬಲಗೈ ತಾನಾಗಿ ಇಲ್ಲದ ಜೇಬನ್ನು ಹುಡುಕಿತು. ಹಲ್ಲು ಕಚ್ಚಿ, ಹನಿಯನ್ನೂ ಹೆಬ್ಬೆರಳನ್ನೂ ಸಹಿಸಿಕೊಂಡು, ಹಾಕಿಕೊಂಡರು. ಕೋಚ್ ಹುಡುಗಿ ಸೀಟಿ ಊದಿದಳು.

ಮೊದಲ ಕೈ ಬೀಸಿಗೇ ಅವರಿಗೆ ಆಶ್ಚರ್ಯವಾಯಿತು. ಕಾಣಿಸುತ್ತಿತ್ತು. ತಳದ ಹಂಚುಗಳ ನಡುವಿನ ಸಂದು ಕಾಣಿಸುತ್ತಿತ್ತು, ಉದ್ದಕ್ಕೂ ಹೋದ ಕಪ್ಪು ಗೆರೆ ಕಾಣಿಸುತ್ತಿತ್ತು, ತಮ್ಮದೇ ಕೈಯಿಂದ ಏಳುವ ಗುಳ್ಳೆಗಳು ಕಾಣಿಸುತ್ತಿದ್ದವು. ಗಾಜು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ. ಇನ್ನೊಂದಷ್ಟು ಹೋದರೆ ಹೆಂಡತಿಯ ಕಾಲುಗಳೂ ಕಾಣಬಹುದು ಎಂದುಕೊಂಡು ಖುಷಿಯಿಂದ ಇನ್ನೂ ಜೋರಾಗಿ ಕೈ ಬೀಸಿದರು.

ಆಗ ನೆಲ ಇಳಿಯಿತು. ಕೊಳದ ನಡುವೆ ಹಂಚಿನ ತಳ ಇಳಿಜಾರಾಗಿ ಸರಿದು, ಕಪ್ಪು ಗೆರೆಯನ್ನೂ ಎಳೆದುಕೊಂಡು ಕೆಳಗೆ ಕೆಳಗೆ ಹೋಯಿತು. ಅಲ್ಲಿಂದಾಚೆಗೆ ಬರೀ ನೀಲಿ. ತಾವು ಅದರ ಮೇಲೆ, ಯಾವ ಹಲಗೆಯೂ ಇಲ್ಲದೆ, ಹೊಟ್ಟೆಯಡಿ ಏನೂ ಇಲ್ಲದೆ ತೂಗುತ್ತಿದ್ದರು. ಎಂಟನೆಯ ಮಹಡಿಯಲ್ಲಿ ಕೆಳಗೆ ನೋಡದೇ ಬದುಕಿದವರಿಗೆ ಇಲ್ಲಿ ಕೆಳಗಲ್ಲದೆ ಬೇರೆ ಕಡೆ ನೋಡಲು ಜಾಗವಿರಲಿಲ್ಲ. ಏನಾಯಿತೆಂದು ತಿಳಿಯುವ ಮೊದಲೇ ಅವರು ಹಗ್ಗವನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದರು.

ತಬ್ಬಿಕೊಂಡ ಮೇಲೆ ನೋಡಿದರು. ಹಗ್ಗದಲ್ಲಿ ಒಂದು ಕಡೆ ಕೆಂಪು ತೇಲುಗುಂಡು ಒಡೆದು ಹೋಗಿತ್ತು. ಹೋದ ಸಲ ಹಿಡಿದದ್ದೂ ಅದನ್ನೇ. ಅದರ ಹಿಂದಿನ ಸಲವೂ ಅದನ್ನೇ. ನಾಲ್ಕು ಗಾಗಲ್ಸು ನಾಲ್ಕು ಥರ ಮಂಜು ಹಿಡಿದಿದ್ದವು, ಇವರು ಮಾತ್ರ ಪ್ರತಿ ಸಲವೂ, ಮಂಜಿನಲ್ಲೂ ತಳ ಮರೆಯಾದದ್ದು ತಿಳಿಯುವ ಈ ಒಂದೇ ಜಾಗದಲ್ಲಿ ನಿಂತಿದ್ದರು.

ದಡದಿಂದ ಕೋಚ್ ಹುಡುಗಿ, "ಅಂಕಲ್, ಮತ್ತೆ ಮಂಜಾ? ಪರವಾಗಿಲ್ಲ, ಇನ್ನೊಂದು ದಿನ ನೋಡೋಣ," ಎಂದಳು. ಕೊಳದಲ್ಲಿದ್ದವರೆಲ್ಲ ತಮ್ಮ ತಮ್ಮ ಗೋಡೆ ಹಿಡಿದು ಇತ್ತ ನೋಡುತ್ತಿದ್ದರು. ಇವರು ಗಾಗಲ್ಸ್ ಕಿತ್ತು ಎತ್ತಿ ಹಿಡಿಯುವುದನ್ನೂ, ಬಯ್ಗುಳ ಶುರುವಾಗುವುದನ್ನೂ ಕಾಯುತ್ತಿದ್ದರು. ಹೂಂ ಎಂದರೆ ಸಾಕಿತ್ತು, ಯಾರೂ ಹತ್ತಿರ ಬಂದು ಗಾಜು ಪರೀಕ್ಷೆ ಮಾಡುತ್ತಿರಲಿಲ್ಲ. ನಾಲಿಗೆಯ ತುದಿಗೆ ಬಂದದ್ದೂ ಅದೇ. ಆ ಸುಳ್ಳು ಎಷ್ಟು ಹಳೆಯದೆಂದು ಆ ಕ್ಷಣ ಹೊಳೆದು, ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

"ಇಲ್ಲಮ್ಮ, ಮಂಜಿಲ್ಲ," ಎಂದರು. "ಚೆನ್ನಾಗಿ ಕಾಣ್ತಿದೆ. ಆಳ ಕಾಣ್ತಿದೆ. ನಂಗೆ ಭಯ ಆಗ್ತಿದೆ."

ಯಾರೂ ನಗಲಿಲ್ಲ. ಮ್ಯಾನೇಜರು ತಲೆ ವಾಲಿಸಿ ಕಿವಿಯ ನೀರು ಕೊಡವಿಕೊಳ್ಳತೊಡಗಿದರು. ಹೆಂಡತಿ ಆ ತುದಿಯಿಂದ ಈಜಿಕೊಂಡು ಬಂದು, ಹಗ್ಗದ ಆಚೆ ಬದಿಯನ್ನು ಹಿಡಿದುಕೊಂಡಳು. ಆಕೆಯ ಮುಖ ಒಂದು ಗೇಣಿನಷ್ಟು ಹತ್ತಿರವಿತ್ತು.

"ನಿಂಗೆ ಗೊತ್ತಿತ್ತಾ?" ಎಂದು ಮೆಲ್ಲಗೆ ಕೇಳಿದರು.

"ಮಂಜು ಹಿಡಿದೋರು ಒಂದೊಂದ್ಸಲ ಒಂದೊಂದು ಕಡೆ ನಿಲ್ತಾರೆ. ನೀವು ಯಾವಾಗ್ಲೂ ಇಲ್ಲೇ."

ಅವರಿಗೆ ಉರಿದುಹೋಯಿತು. ಗೊತ್ತಿದ್ದೂ ಇಷ್ಟು ದಿನ ಅಂಗಡಿಯಿಂದ ಅಂಗಡಿಗೆ ಅಲೆಯಲು ಬಿಟ್ಟಳಲ್ಲ, ಊರೆಲ್ಲ ನಗುವಂತೆ ಮಾಡಿದಳಲ್ಲ ಎಂದು. "ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಇಲ್ಲಿಗೆ ಬರೋದೇ ಬಿಡ್ತಿದ್ರಿ," ಎಂದಳು ಆಕೆ. "ಆಮೇಲೆ ಬೆಳಗ್ಗೆ ನಾನು ಯಾರ ಜೊತೆ ಬರ್ಲಿ?"

ಕಾಲಡಿಯ ಆಳ ಹಾಗೆಯೇ ಇತ್ತು, ಫಳಫಳಯ್ಯನವರು ಹಗ್ಗ ಬಿಡಲಿಲ್ಲ. ಕೋಚ್ ಹುಡುಗಿಗೆ ಏನೆನಿಸಿತೋ, ಅವರನ್ನು ಮೇಲೆ ಬರಲು ಹೇಳದೆ ಬೇರೆಯವರ ಕಡೆ ತಿರುಗಿದಳು. ಗಂಟೆ ಮುಗಿಯುವವರೆಗೂ ಇಬ್ಬರೂ ಆ ಹಗ್ಗದ ಎರಡು ಬದಿಯಲ್ಲಿ ನೇತಾಡಿಕೊಂಡೇ ಇದ್ದರು. ಮ್ಯಾನೇಜರ ಜೊತೆ ಅಷ್ಟೊಂದು ನಗುವಂಥದ್ದು ಏನಿತ್ತು ಎಂದು ಫಳಫಳಯ್ಯನವರು ಕೊನೆಗೂ ಕೇಳಿದರು, ಆಕೆ ಮೊದಲಿನಿಂದ ಹೇಳತೊಡಗಿದಳು.